ಅಜ್ಜನ ಕಂಬಳಿ, ಕೂಸಿನ ಕಜ್ಜಿ

ಮಗುವಿನ ಮಂಡಿಯ ಗಾಯ ನೋಡಿದರೆ ಅದು ಯಾವ ಕಡೆಯ ಮಗು ಎಂದು ನಾನು ಹೇಳಬಲ್ಲೆ. ಇದು ಜಂಬವಲ್ಲ. ಕೊಪ್ಪದ ಆಸ್ಪತ್ರೆಯೊಂದರ ಡ್ರೆಸಿಂಗ್ ರೂಮಿನಲ್ಲಿ ವರ್ಷಗಟ್ಟಲೆ ನಿಂತ ನರ್ಸಿಗೆ ತಾನಾಗಿಯೇ ಬರುವ ವಿದ್ಯೆ. ಗಾಯದ ಮೇಲೆ ಕಾಫಿಪುಡಿ ಮೆತ್ತಿದ್ದರೆ ಜಯಪುರದ ಕಡೆ. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಮೇಲೊಂದಿಷ್ಟು ದೇವರ ಗಂಧ ಸೋಕಿಸಿದ್ದರೆ ಶೃಂಗೇರಿಯ ಕಡೆ. ಸುಣ್ಣ ಬೆಲ್ಲ ಕಲಸಿದ ಪಟ್ಟು ಕಲ್ಲಿನ ಹಾಗೆ ಕೂತಿದ್ದರೆ ನರಸಿಂಹರಾಜಪುರದ ಬಸ್ಸಿನಲ್ಲಿ ಬಂದವರು. ಟೂತ್‌ಪೇಸ್ಟ್ ಬಳಿದಿದ್ದರೆ ಕೇಳುವುದೇ ಬೇಡ, ಬಾಳಗಡಿಯ ಕಾಲೇಜಿನ ಆಸುಪಾಸಿನವರು, ಓದಿದ ಮಂದಿ.

ಇವುಗಳಲ್ಲಿ ಕಾಫಿಪುಡಿಯ ಗತ್ತೇ ಬೇರೆ. ಹತ್ತಿ ಒದ್ದೆ ಮಾಡಿ ಒರೆಸತೊಡಗಿದರೆ ಇಡೀ ಕೋಣೆ ಘಮ್ಮೆನ್ನುತ್ತದೆ. ನಮ್ಮ ಡಾಕ್ಟರು ಒಮ್ಮೆ ಪಕ್ಕದ ಕೋಣೆಯಿಂದ, "ಯಾರ್ರೀ ಅದು ಕಾಫಿಗಿಟ್ಟಿದ್ದು? ನಂಗೂ ಒಂದು ಲೋಟ ಇರಲಿ" ಎಂದು ಕೂಗಿದ್ದುಂಟು. ಗಾಯದೊಳಗೆ ಹೊಕ್ಕ ಪುಡಿಯನ್ನು ಕಣಕಣವಾಗಿ ತೆಗೆಯುತ್ತ, "ಇದನ್ನ ಎಂತಕ್ಕೆ ಹಾಕಿದ್ರಿ?" ಎಂದು ಕೇಳಿದರೆ ತಾಯಿಗೆ ಸಿಟ್ಟು ಬರುತ್ತದೆ. "ಅಂಗಡಿ ಪುಡಿ ಅಲ್ಲ ಸಿಸ್ಟರ್, ನಮ್ಮ ಮನೇಲೇ ಹುರಿದಿದ್ದು. ಒಂಚೂರು ಚಿಕೋರಿ ಬೆರೆಸಿಲ್ಲ!" ಅಂಥ ಅಸಲಿ ಮಾಲನ್ನು ತೊಳೆದು ಮೋರಿಗೆ ಬಿಡುವ ನನ್ನನ್ನು ಆಕೆ ನೋಡುವ ನೋಟದಲ್ಲಿ ನಾನು ಉಂಡ ಮನೆಗೆ ಎರಡು ಬಗೆದವಳು.

ಆಮೇಲೆ ನನ್ನ ಪಾಠ. ತರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಚೊಕ್ಕ ಬಟ್ಟೆ ಕಟ್ಟಿ. ಬಿಸಿನೀರು ಬಿದ್ದು ಸುಟ್ಟರೆ ತಣ್ಣೀರು ಸುರಿಯುತ್ತಲೇ ಇರಿ, ಗುಳ್ಳೆ ಒಡೆಯಬೇಡಿ, ಆಸ್ಪತ್ರೆಗೆ ಬನ್ನಿ. ಗಾಯಕ್ಕೆ ಬಾಯಿಂದ ಊದಬೇಡಿ, ಬಾಯಲ್ಲಿರುವ ಕ್ರಿಮಿ ಗಾಯಕ್ಕೆ ಹೋಗುತ್ತದೆ. "ಅಷ್ಟೇನಾ?" ಎಂದು ತಾಯಂದಿರ ಮುಖ ಬಾಡುತ್ತದೆ. ಬಸ್ಸಿಗೆ ಕಾಸು ಕೊಟ್ಟು ಬಂದದ್ದು ನೀರು ಹಾಕಿ ಎಂದು ಕೇಳಿಸಿಕೊಳ್ಳಲಿಕ್ಕಾ? ಮಗು ಅಳುವಾಗ ಕೈಕಟ್ಟಿ ಕೂರುವುದು ಯಾರಿಂದಲೂ ಆಗದ ಕೆಲಸ. ಏನಾದರೂ ಹಚ್ಚಬೇಕು, ಏನಾದರೂ ಕಟ್ಟಬೇಕು, ಕೊನೆಗೆ ಉಫ್ ಎಂದು ಊದಲಾದರೂ ಬೇಕು. ಊದಬೇಡಿ ಎಂದಾಗಲೆಲ್ಲ ನನಗೇ ಒಳಗೊಳಗೆ ಪಾಪ ಅನಿಸುತ್ತದೆ.

ಗಾಯದ ವಿಷಯದಲ್ಲಿ ಇಷ್ಟು ಧಾರಾಳವಾಗಿ ಮಾತಾಡುವ ಜನ ಕಜ್ಜಿಯ ವಿಷಯ ಬಂತೆಂದರೆ ಬಾಯಿಗೆ ಬೀಗ ಹಾಕುತ್ತಾರೆ. ಗಾಯಕ್ಕೆ ಮರ್ಯಾದೆ ಇದೆ. ಸೈಕಲ್ಲಿಂದ ಬಿದ್ದದ್ದು, ಮರ ಹತ್ತಿದ್ದು, ಎಲ್ಲ ಶೌರ್ಯದ ಲೆಕ್ಕ. ಕಜ್ಜಿಗೆ ಮಾತ್ರ ಯಜಮಾನರೇ ಇಲ್ಲ. ಬೆರಳಸಂದಿಯಲ್ಲಿ ಸಾಲುಸಾಲು ಗುಳ್ಳೆ ಎದ್ದ ಮಗುವನ್ನು ಕರೆತಂದವರು, "ಸ್ವಲ್ಪ ಹೀಟಾಗಿದೆ ಸಿಸ್ಟರ್" ಎನ್ನುತ್ತಾರೆ. ನೀರು ಬದಲಾಗಿದೆ, ಸೊಳ್ಳೆ ಕಚ್ಚಿದೆ, ಹೊಸ ಬಟ್ಟೆಯ ಗಂಜಿ ಆಗಿಬಂದಿಲ್ಲ. ಇಷ್ಟಕ್ಕೂ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ತೋಡಿಕೊಂಡು ಕೂತದ್ದು. ಬಡವರು ಬಲ್ಲಿದರು, ಮಿಂದವರು ಮೀಯದವರು ಎಂಬ ಭೇದ ಅದಕ್ಕಿಲ್ಲ. ಒಬ್ಬರ ಮೈಯಿಂದ ಒಬ್ಬರಿಗೆ, ಒತ್ತಿ ಮಲಗಿದವರಿಗೆ, ತಬ್ಬಿಕೊಂಡವರಿಗೆ ದಾಟುತ್ತದೆ. ಅಂದರೆ ಪ್ರೀತಿ ಇರುವ ಮನೆಗೇ ಹೆಚ್ಚು. ಅದಕ್ಕೇ ನಿಯಮ: ಮನೆಯಲ್ಲಿ ತುರಿಕೆ ಇದ್ದವರು, ಇಲ್ಲದವರು ಎಲ್ಲರೂ ಒಂದೇ ದಿನ, ಕತ್ತಿನಿಂದ ಕಾಲಬೆರಳವರೆಗೆ ಔಷಧಿ ಹಚ್ಚಿಕೊಳ್ಳಬೇಕು. ಒಬ್ಬರು ತಪ್ಪಿಸಿಕೊಂಡರೂ ಮತ್ತೆ ಮೊದಲಿಂದ. "ನಾಚಿಕೆ ಎಂತಕ್ಕೆ? ನೆಗಡಿ ಹಾಗೇ ಇದೂ ಒಂದು ಕಾಯಿಲೆ" ಎಂದು ನಾನು ಮೂರು ತಾಲ್ಲೂಕಿನ ತಾಯಂದಿರಿಗೆ ಉಪದೇಶ ಮಾಡಿದವಳು.

ಹಾಗಿರುವಾಗ ಒಂದು ದಿನ ನನ್ನ ಮಗಳು ಶ್ರಾವ್ಯ ಊಟಕ್ಕೆ ಕೂತಲ್ಲೇ ಬೆರಳಸಂದಿ ಕೆರೆಯತೊಡಗಿದಳು.

ನಾನು ಏನೆಂದೆ ಗೊತ್ತೇ? "ಸೊಳ್ಳೆ ಇರಬೇಕು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ನಮ್ಮ ಮನೆ ಜಯಪುರದ ಪೇಟೆಯಲ್ಲಿ. ಮುಂದೆ ಮಾವಯ್ಯನ ಜವಳಿ ಅಂಗಡಿ, ಈಗ ಅದನ್ನು ನಮ್ಮವರು ನೋಡಿಕೊಳ್ಳುತ್ತಾರೆ, ಹಿಂದೆ ಮನೆ. ಶ್ರಾವ್ಯ ಆಗ ಒಂದನೇ ಕ್ಲಾಸು. ಅತ್ತೆ ಅವಳ ಕೈ ನೋಡಿದವರೇ ತೀರ್ಪು ಕೊಟ್ಟರು: "ನಂಜು. ಮೊನ್ನೆ ಬದನೆಕಾಯಿ ತಿಂದಿದ್ಯಲ್ಲ, ಅದೇ." ನರ್ಸಿಂಗ್ ಓದುವಾಗ ನಾನು ದಪ್ಪ ದಪ್ಪ ಪುಸ್ತಕ ತಿರುವಿದ್ದೇನೆ, ನಂಜು ಎಂಬುದು ಎಲ್ಲೂ ಸಿಕ್ಕಿರಲಿಲ್ಲ. ಅತ್ತೆಯ ಅಡುಗೆಮನೆಯಲ್ಲಿ ಅದಕ್ಕೊಂದು ಪೂರ್ತಿ ಶಾಸ್ತ್ರವೇ ಇದೆ. ಬದನೆಕಾಯಿ ನಂಜು, ಹಲಸಿನಹಣ್ಣು ನಂಜು, ಒಣಮೀನು ನಂಜು. ಒಂದೊಂದಾಗಿ ಎಲ್ಲವೂ ಮಗುವಿನ ತಟ್ಟೆಯಿಂದ ಮಾಯವಾದವು. ಅತ್ತೆಗೆ ಪ್ರಿಯವಾದ ಪದಾರ್ಥ ಒಂದೂ ನಂಜಿನ ಪಟ್ಟಿಗೆ ಸೇರಲಿಲ್ಲ ಎಂಬುದನ್ನು ನಾನು ಗಮನಿಸಿದೆ, ಹೇಳಲಿಲ್ಲ. ಕೊನೆಗೆ ಕೂಸು ಬರೀ ಮಜ್ಜಿಗೆ ಅನ್ನ ಉಣ್ಣುತ್ತ ಕೆರೆಯುತ್ತಲೇ ಇತ್ತು.

ಒಂದು ಭಾನುವಾರ ಅವಳನ್ನು ಅಂಗಳದ ಬೆಳಕಿಗೆ ಕೂರಿಸಿ ಬೆರಳು ಬಿಡಿಸಿ ನೋಡಿದೆ. ಮಣಿಕಟ್ಟು ನೋಡಿದೆ, ಹೊಕ್ಕುಳ ಸುತ್ತ ನೋಡಿದೆ. ಬೇರೆಯವರ ಮಗುವಾಗಿದ್ದರೆ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದೆ. "ಕಜ್ಜಿ" ಎಂದು ನಮ್ಮವರಿಗೆ ಹೇಳುವಾಗ ನನ್ನ ದನಿ ತಾನಾಗಿ ಇಳಿದುಹೋಯಿತು. ಮಾರನೆಯ ದಿನ ನಮ್ಮ ಡಾಕ್ಟರಿಗೆ ತೋರಿಸಿ, ಔಷಧಿಯನ್ನು ಜಯಪುರದಲ್ಲಿ ಕೊಳ್ಳದೆ ಕೊಪ್ಪದಲ್ಲೇ ಕೊಂಡು, ಹಳೇ ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದ ತಳಕ್ಕೆ ಸೇರಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಮುಟ್ಟಿ ಪಕ್ಕಕ್ಕಿಟ್ಟರೆ ಅದನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ. ಮೂರು ತಾಲ್ಲೂಕಿನ ಉಪದೇಶಕಿಯ ಕಥೆ ಇದು.

ಮಾವಯ್ಯನನ್ನು ಒಪ್ಪಿಸುವುದೇ ಕಷ್ಟ ಎಂದು ಗೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ದಿನಕ್ಕೆರಡು ಸ್ನಾನ; ಪೇಟೆಯಲ್ಲಿ ಅವರ ಹೆಸರೇ ಬಿಳಿ ಶೆಟ್ರು ಎಂಬಷ್ಟು ಚೊಕ್ಕ. ಅವರಿಗೆ ಮೊಮ್ಮಗಳೆಂದರೆ ಪ್ರಾಣ. ಸಂಜೆ ಊಟ ಮುಗಿಸಿ ಅಜ್ಜ ಮೊಮ್ಮಗಳು ಜಗಲಿಯ ಮಂಚದಲ್ಲಿ ಒಂದೇ ಕಂಬಳಿ ಹೊದ್ದು ಕೂತರೆ, ಅಲ್ಲೊಂದು ಆಟ ಶುರು. ಪೇಟೆಗೆ ಬರುವ ಬಸ್ಸಿನ ಹಾರನ್ ಕೇಳಿಯೇ ಅದು ಶೃಂಗೇರಿ ಬಸ್ಸೋ, ಕೊಪ್ಪದ ಬಸ್ಸೋ, ಬಾಳೆಹೊನ್ನೂರಿನದೋ ಹೇಳಬೇಕು. ಕೂಸು ಹಾಗೇ ಅಲ್ಲೇ ನಿದ್ದೆ ಹೋಗುತ್ತಿತ್ತು.

"ನಂಗೆ ತುರಿಕೆ ಎಂತದೂ ಇಲ್ಲ ಮಾರಾಯ್ತಿ. ನಂಗೆ ಎಂತಕ್ಕೆ?" ಎಂದರು ಮಾವಯ್ಯ. ಹುಳ ಸೇರಿದ ಎಷ್ಟೋ ವಾರಗಳ ಮೇಲೆ ತುರಿಕೆ ಶುರುವಾಗುವುದೂ ಉಂಟು ಎಂದು ನಾನು ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿ, "ಬಟ್ಟೆ ವ್ಯಾಪಾರ ಮಾಡಿದ ಮನೆ ಇದು. ನಮ್ಮನೇಲಿ ಕಜ್ಜಿ ಅಂದ್ರೆ ನಾಳೆ ಯಾರು ನಮ್ಮ ಅಂಗಡಿ ಪಂಚೆ ಉಡ್ತಾರೆ?" ಎಂದು ಎದ್ದುಹೋದರು. ಅಂತೂ ನಾವು ನಾಲ್ವರು ಹಚ್ಚಿಕೊಂಡೆವು, ಅವರು ಹಚ್ಚಿಕೊಳ್ಳಲಿಲ್ಲ.

ಬೆಳಗ್ಗೆ ಬಚ್ಚಲ ಹಂಡೆ ತುಂಬ ನೀರು ಕುದಿಸಿ ಮನೆಯ ಬಟ್ಟೆಯನ್ನೆಲ್ಲ ಅದ್ದಿದೆ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಸೀರೆ, ಲಂಗ, ಎಲ್ಲ ಹಗ್ಗ ಸಾಲದೆ ಬೇಲಿಯ ಮೇಲೂ ಒಣಗಿದವು. ಬೀದಿಯವರು ಮನೆಗೆ ನೆಂಟರು ಬರುತ್ತಾರಾ ಎಂದು ಕೇಳಿಕೊಂಡು ಹೋದರು. ಕಂಬಳಿ ಒಂದು ಮಾತ್ರ ಮಂಚ ಬಿಟ್ಟು ಕದಲಲಿಲ್ಲ. ಬಯಲುಸೀಮೆಯಿಂದ ಹೆಗಲ ಮೇಲೆ ಹೊತ್ತು ತರುವವರ ಹತ್ತಿರ ಮಾವಯ್ಯ ಆರಿಸಿ ಕೊಂಡ ಕರಿಕಂಬಳಿ ಅದು. ಕಂಬಳಿಗೆ ಮೈಲಿಗೆಯೇ ಇಲ್ಲ, ಹಾಗಾಗಿ ಅದನ್ನು ಒಗೆಯುವ ಮಾತೂ ಇಲ್ಲ ಎಂಬುದು ನಮ್ಮ ಮನೆಯ ಕಾನೂನು. ಒಗೆದರೆ ಕುಗ್ಗಿ ಹಿಡಿಯಷ್ಟಾಗುತ್ತದೆ ಎಂದು ಅತ್ತೆಯೂ ದನಿಗೂಡಿಸಿದರು. ಕುದಿನೀರಿಗೆ ಹಾಕಿದರೆ ಕುಗ್ಗುವುದು ನಿಜವೇ, ಬೇರೆ ಉಪಾಯ ಹೇಳಲು ಹೊರಟರೆ ಮಾವಯ್ಯ ಕಂಬಳಿಯ ಮಾತೇ ಬೇಡ ಎಂದುಬಿಟ್ಟರು. ಮಡಿಯ ಕೋಟೆಯೊಳಗೆ ಹುಳಗಳು ಹಾಯಾಗಿ ಕೂತವು.

ಮಗುವಿನ ತುರಿಕೆ ಇಳಿಯಿತು. ಬದನೆಕಾಯಿಗೆ ಬಿಡುಗಡೆಯಾಯಿತು. ಕೆಲವು ವಾರ ಕಳೆದದ್ದೇ ಮತ್ತೆ ಅದೇ ಬೆರಳು, ಅದೇ ಕೆರೆತ, ಈಗ ಇನ್ನೂ ಜೋರು. ರಾತ್ರಿ ನಿದ್ದೆಯಿಲ್ಲದೆ ಬೆಳಗ್ಗೆ ಶಾಲೆಯಲ್ಲಿ ತೂಕಡಿಸುತ್ತಾಳೆಂದು ಟೀಚರು ಹೇಳಿಕಳಿಸಿದರು. ಕೆರೆದಲ್ಲೆಲ್ಲ ಕೀವಾಗತೊಡಗಿತು. ಇತ್ತ ಮಾವಯ್ಯ ಜಗಲಿಯ ಕಂಬಕ್ಕೆ ಬೆನ್ನು ಒರಗಿಸಿ ಮೇಲೆ ಕೆಳಗೆ, ಮೇಲೆ ಕೆಳಗೆ ಉಜ್ಜುವುದನ್ನು ಕಂಡೆ. "ಎಂತಾಯ್ತು ಮಾವಯ್ಯ?" ಎಂದರೆ, "ಥಂಡಿಗೆ ಬೆನ್ನು ಹಿಡ್ಕೊಂಡಿದೆ ಮಾರಾಯ್ತಿ" ಎಂದರು. ಹೀಟು, ನೀರು, ಸೊಳ್ಳೆ ಕೇಳಿದ್ದೆ, ಥಂಡಿ ಹೊಸದು.

ನನಗೆ ಸಿಟ್ಟು ಬಂತು. ಅಳುವೂ ಬಂತು. ಅಂದು ಸಂಜೆ ಶ್ರಾವ್ಯಳ ಕೈಗೆ ಕೀವಿನ ಮುಲಾಮು ಹಚ್ಚುತ್ತ, ಇವತ್ತಿಂದ ಅಜ್ಜನ ಹತ್ತಿರ ಮಲಗುವ ಹಾಗಿಲ್ಲ ಎಂದೆ. ಹಟ ಮಾಡುತ್ತಾಳೆಂದುಕೊಂಡಿದ್ದೆ. ಅವಳು ಯೋಚನೆ ಮಾಡಿ ಕೇಳಿದಳು: "ನನ್ನ ಕಜ್ಜಿ ಅಜ್ಜಂಗೆ ಬತ್ತದಾ?"

"ಬರ್ಬಹುದು."

"ಅಜ್ಜಂಗೆ ಹಿಂಗೇ ಉರೀತದಾ?"

"ಹೂಂ."

ಅವಳು ಎದ್ದು ಜಗಲಿಗೆ ಹೋದಳು. ಮಾವಯ್ಯ ಕಂಬಳಿಯ ಅಂಚು ಎತ್ತಿ ಹಿಡಿದು, "ಬಾ ಕೂಸೇ" ಎಂದರು. ಅವಳು ಹೋಗಲಿಲ್ಲ. ಜಗಲಿಯ ಆ ತುದಿಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂತು, "ನನ್ನ ಮುಟ್ಬೇಡ ಅಜ್ಜ. ನಿಂಗೆ ಬತ್ತದೆ" ಎಂದಳು. ಪೇಟೆಯ ಕಡೆಯಿಂದ ಹಾರನ್ ಕೇಳಿಸಿತು. ಮಾವಯ್ಯ, "ಯಾವ ಬಸ್ಸೇ ಅದು?" ಎಂದರು. "ಗೊತ್ತಿಲ್ಲ" ಎಂದಳು. ಗೊತ್ತಿತ್ತು ಅವಳಿಗೆ, ಶೃಂಗೇರಿ ಬಸ್ಸಿನ ಹಾರನ್ ನನಗೂ ಗೊತ್ತಿತ್ತು. ಮಾವಯ್ಯ ಎತ್ತಿ ಹಿಡಿದ ಕಂಬಳಿಯ ಅಂಚನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಒಳಗೆ ಬಂದು ನಾನು ಸುಮ್ಮನೆ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಾರನೆಯ ದಿನ ಬೆಳಗ್ಗೆ ಡ್ಯೂಟಿಯಲ್ಲಿದ್ದಾಗ ನನಗೆ ಫೋನು ಬಂತು. ಆಗಷ್ಟೇ ನಮ್ಮವರು ಮೊಬೈಲು ತೆಗೆದುಕೊಂಡಿದ್ದರು. ಜಯಪುರದಲ್ಲಿ ಅದಕ್ಕೆ ಸಿಗ್ನಲ್ ಸಿಗುತ್ತಿದ್ದುದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹತ್ತಿ ನಿಂತರೆ ಮಾತ್ರ, ಅದೂ ಕೂಗಿ ಮಾತಾಡಿದರೆ ಮಾತ್ರ. "ಅಪ್ಪ ಒಪ್ಪಿದ್ದಾರೆ!" ಎಂದು ನಮ್ಮವರು ಆ ಕಟ್ಟೆಯ ಮೇಲಿಂದ ಕೂಗಿದರು. "ಅವರೂ ಹಚ್ಕೊಳ್ತಾರಂತೆ! ಕಜ್ಜಿ ಔಷಧಿ ಜಾಸ್ತಿ ತಾ!" ಹಿಂದೆ ಬಸ್ಸಿಗೆ ಕಾಯುತ್ತಿದ್ದವರು ಮಾತು ನಿಲ್ಲಿಸಿದ್ದು ನನಗೆ ಕೊಪ್ಪದಲ್ಲಿ ಕೇಳಿಸಿತು. "ಸ್ವಲ್ಪ ಮೆಲ್ಲಗೆ ಅನ್ನಿ ಮಾರಾಯ್ರೆ!" ಎಂದು ನಾನು ಗೋಗರೆದರೆ, "ಎಂತ? ಜೋರಾಗಿ ಹೇಳು!" ಎಂದು ಅವರು ಇನ್ನೂ ಜೋರು ಮಾಡಿದರು. ಪೇಪರಿನಲ್ಲಿ ಸುತ್ತಿ ತಂದದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು.

ಸಂಜೆ ಬೇಗ ಊಟ ಮುಗಿಸಿ, ಎಲ್ಲರೂ ಮಿಂದು ಮೈ ಒರೆಸಿಕೊಂಡು ಬಂದೆವು. ಅತ್ತೆಗೆ ನಾನು, ಮಾವಯ್ಯನಿಗೆ ನಮ್ಮವರು ಎಂದು ಏರ್ಪಾಡು. ಮೊದಲು ಮೈಕೈಗೆಲ್ಲ ಹಚ್ಚಿಸಿಕೊಂಡು ತಯಾರಾದ ಶ್ರಾವ್ಯ, ಅಜ್ಜನ ಕೈಬೆರಳು ಮಾತ್ರ ತನ್ನ ಪಾಲು ಎಂದು ಹಟ ಹಿಡಿದಳು. ಒಂದೊಂದೇ ಬೆರಳು ಬಿಡಿಸಿ, ಸಂದಿಗೆ ಲೋಷನ್ ಸವರುತ್ತ, ಥೇಟ್ ನನ್ನ ಆಸ್ಪತ್ರೆಯ ದನಿಯಲ್ಲಿ, "ನಾಚಿಕೆ ಎಂತಕ್ಕೆ ಅಜ್ಜ? ನೆಗಡಿ ಹಾಗೇ ಇದೂ ಒಂದು ಕಾಯಿಲೆ" ಎಂದಳು. ಅಜ್ಜ ಕೈಯನ್ನು ಹರವಿ ಹಿಡಿದು, ಶಾಲೆ ಹುಡುಗನ ಹಾಗೆ "ಹೂಂ" ಎಂದರು. ಹೊರಗೆ ಹೋಗಿಬಂದರೆ ಕೈಕಾಲು ತೊಳೆಯುವುದು ಅವರ ಹುಟ್ಟುಗುಣ. ಅಂಗಳಕ್ಕೆ ಇಳಿದು ಬಂದವರು ಅಭ್ಯಾಸಬಲದಿಂದ ಚೊಂಬಿಗೆ ಕೈ ಹಾಕಿದರೆ, "ಅಜ್ಜಾ! ನೀರು ಮುಟ್ಬೇಡ! ತೊಳೆದ್ರೆ ಮತ್ತೆ ಹಚ್ಬೇಕು!" ಎಂದು ಇವಳು ಕಿರುಚುತ್ತಾಳೆ. ಪೇಟೆಯ ದೊಡ್ಡ ಮನುಷ್ಯ ಬೆಚ್ಚಿ ಚೊಂಬು ಇಡುತ್ತಾರೆ. ಅತ್ತೆ ನಗಲಾರದೆ ನಗುತ್ತ, "ಅಯ್ಯೋ ದೇವರೇ, ನಮ್ಮನೇಲಿ ಪೊಲೀಸ್ ಠಾಣೆ ಇಟ್ಟ ಹಾಗಾಯ್ತಲ್ಲ!" ಎಂದರು.

ಕಂಬಳಿಗೂ ಅಂದೇ ಗ್ರಹಚಾರ. ಒಗೆಯುವುದು ಬೇಡ, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿ ವಾರಕ್ಕಿಂತ ಹೆಚ್ಚೇ ಇಟ್ಟರೆ ಒಳಗಿನ ಹುಳ ಮೈ ಸಿಗದೆ ತಾನಾಗಿ ಸಾಯುತ್ತದೆ ಎಂದೆ. ಒಗೆಯದೆ ಆಗುವ ಉಪಾಯ ಇದ್ದರೆ ಮೊದಲೇ ಎಂತಕ್ಕೆ ಹೇಳಲಿಲ್ಲ ಎಂದು ಮಾವಯ್ಯ ನನ್ನನ್ನೇ ಗದರಿದರು. ಹೇಳಲು ಬಿಟ್ಟಿದ್ದರೆ ತಾನೇ? ಚೀಲದ ಬಾಯಿಗೆ ಹಗ್ಗ ಬಿಗಿದು ಅಟ್ಟಕ್ಕೆ ಏರಿಸಿದ್ದಾಯಿತು.

ಇಷ್ಟಾಗುವಾಗ ಜಗಲಿಯಲ್ಲಿ ಕೆಮ್ಮು ಕೇಳಿಸಿತು. ಎದುರಿನ ಹಿಟ್ಟಿನ ಗಿರಣಿಯ ನಾಗಣ್ಣ, ಸಂಜೆ ನಮ್ಮ ಮನೆಗೆ ಪೇಪರ್ ಓದಲು ಬರುವವರು. ಮಾವಯ್ಯ ಬರೀ ಹಳೇ ಪಂಚೆಯಲ್ಲಿ, ಕತ್ತಿನಿಂದ ಕೆಳಗೆ ಬೆಳ್ಳಗೆ ಹೊಳೆಯುತ್ತ ಕೂತಿದ್ದಾರೆ. ಅಡಗಲು ಜಾಗವಿಲ್ಲ. ಮಾವಯ್ಯ ಮೊಮ್ಮಗಳ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿ ಹೊಸ ಮಾಲು ಬಂದಿದೆ ಎಂದು ಹೇಳುವ ಗತ್ತಿನಲ್ಲೇ, "ಕಜ್ಜಿ ಮಾರಾಯ. ಕೂತ್ಕೊ, ಆದ್ರೆ ಅಲ್ಲೇ ದೂರ ಕೂತ್ಕೊ" ಎಂದರು.

ನಾಗಣ್ಣ ದೂರ ಕೂತರು. ಪೇಪರ್ ಬಿಡಿಸಿದರು. ಅದು ತಲೆಕೆಳಗಾಗಿತ್ತು. ಮುಂದಿನ ಪುಟ, ಹಿಂದಿನ ಪುಟ ಮಗುಚಿ ಮಗುಚಿ, ಕೊನೆಗೆ ಪೇಪರಿನ ಮರೆಯಿಂದಲೇ ಕೇಳಿದರು: "ಸಿಸ್ಟರ್, ಆ ಔಷಧಿ ಹೆಸರು ಎಂತ? ನಮ್ಮನೇಲಿ... ಹುಡುಗ್ರಿಗೆ ಸ್ವಲ್ಪ ಹೀಟಾಗಿದೆ."

ಮಾವಯ್ಯ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಳ್ಳಲು ಹೋಗಿ, ಔಷಧಿ ಅಳಿಸಿತು ಎಂದು ಮೊಮ್ಮಗಳಿಂದ ಬೈಸಿಕೊಂಡು, ಮತ್ತೂ ನಕ್ಕರು. "ಹೀಟಲ್ಲ ನಾಗಣ್ಣ, ಥಂಡಿ! ಥಂಡಿ ಅದು!" ಎಂದರು. ನಾಗಣ್ಣನೂ ಪೇಪರ್ ಕೆಳಗಿಟ್ಟು ನಕ್ಕುಬಿಟ್ಟರು, ನಗುತ್ತಲೇ ಮೊಣಕೈ ಕೆರೆದುಕೊಂಡರು. ಮುಂದಿನ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಒಂದರ ಹಿಂದೆ ಒಂದು ಮನೆಯ ಬೇಲಿಯ ಮೇಲೆ ಹೊದಿಕೆ ದಿಂಬಿನ ಚೀಲಗಳು ಒಣಗತೊಡಗಿದವು. ಯಾರೂ ಯಾರನ್ನೂ ನೆಂಟರು ಬರುತ್ತಾರಾ ಎಂದು ಕೇಳಲಿಲ್ಲ. ನಮ್ಮ ಅಂಗಡಿಯ ಪಂಚೆಗೂ ಏನೂ ಆಗಲಿಲ್ಲ. ಹಳೇ ಹೊದಿಕೆ ಕುದಿಸಿ ಹರಿದುಕೊಂಡವರು ಹೊಸದು ಕೊಳ್ಳಲು ನಮ್ಮಲ್ಲಿಗೇ ಬಂದರು.

ವಾರ ಕಳೆದು ಡಾಕ್ಟರು ಹೇಳಿದಂತೆ ಇನ್ನೊಂದು ಸಲ ಹಚ್ಚಿಕೊಂಡೆವು. ಈ ಸಲ ಮಾವಯ್ಯನೇ ಮೊದಲು ಕೈ ಚಾಚಿದರು. ಶ್ರಾವ್ಯಳ ಬೆರಳಿನ ಗಾಯ ಮಾಯ್ದು, ಗುಳ್ಳೆ ಒಣಗಿ, ಅವಳು ಬೆಳತನಕ ಹೊರಳದೆ ನಿದ್ದೆ ಮಾಡತೊಡಗಿದಳು. ಒಂದು ಭಾನುವಾರ ಸಂಜೆ, ಇನ್ನು ಕಂಬಳಿ ಇಳಿಸಬಹುದು ಎಂದೆ.

ನಮ್ಮವರು ಅಟ್ಟ ಹತ್ತಿ ಚೀಲ ಕೆಳಗೆ ಬಿಟ್ಟದ್ದೇ ತಡ, ಕೂಸಿಗೆ ಹುಚ್ಚು ಖುಷಿ. "ಕಂಬಳಿ ಬಂತು! ಕಂಬಳಿ ಬಂತು!" ಎಂದು ಕುಣಿಯುತ್ತ ಜಗಲಿಯಿಂದ ಅಂಗಳಕ್ಕೆ ಹಾರಿ, ಮಂಡಿಯೂರಿ ಬಿದ್ದಳು. ತರಚಿ ರಕ್ತ ಬಂತು. ನಾನು ಒಳಗಿಂದ ಓಡಿ ಬರುವಷ್ಟರಲ್ಲಿ ಮಾವಯ್ಯ ನನಗಿಂತ ಮೊದಲೇ ಅಲ್ಲಿದ್ದರು, ಕೈಯಲ್ಲಿ ಕಾಫಿಪುಡಿಯ ಡಬ್ಬಿ, ಮುಚ್ಚಳ ತೆಗೆದು ಚಿಟಿಕೆ ಹಿಡಿದು ತಯಾರು.

"ಬೇಡ ಅಜ್ಜ!" ಎಂದಳು ಅಳುತ್ತ ಅಳುತ್ತಲೇ. "ನೀರು ಹಾಕು. ಸೋಪು ಹಾಕು. ಬೇರೆ ಎಂತದೂ ಬೇಡ."

ಮಾವಯ್ಯ ಡಬ್ಬಿಯನ್ನು ನನ್ನ ಕೈಗಿಟ್ಟು, ಚೊಂಬು, ಸೋಪು ತಂದು, ತಾವೇ ಕುಕ್ಕರುಗಾಲಲ್ಲಿ ಕೂತು ನೀರು ಹನಿಸಿ ತೊಳೆದರು. ಅಭ್ಯಾಸಬಲ, ತುಟಿ ಮುಂದೆ ಬಂತು ಊದಲು. ನನ್ನ ಕಡೆ ನೋಡಿ ಹಾಗೇ ನುಂಗಿಕೊಂಡರು. ನಾನು ಚೊಕ್ಕ ಬಟ್ಟೆ ಕಟ್ಟಿದೆ. ಎಲ್ಲ ಮುಗಿದ ಮೇಲೆ ಅವರು ಡಬ್ಬಿಯನ್ನೇ ನೋಡುತ್ತ, "ಹಂಗಾರೆ ಇದನ್ನ ಎಂತ ಮಾಡೂದು ಮಾರಾಯ್ತಿ?" ಎಂದರು.

"ಕಾಫಿ ಮಾಡೂದು ಮಾವಯ್ಯ" ಎಂದೆ.

ಜಗಲಿಯ ಮಂಚದಲ್ಲಿ ಅಜ್ಜ ಮೊಮ್ಮಗಳು ಮತ್ತೆ ಒಂದೇ ಕಂಬಳಿಯಲ್ಲಿ. ಅದಕ್ಕೆ ಅಟ್ಟದ ವಾಸನೆ, ಸ್ವಲ್ಪ ಗೊಬ್ಬರದ ವಾಸನೆ. ಅವರಿಬ್ಬರಿಗೂ ಅದರ ಪರಿವೆಯಿಲ್ಲ. ನಾನು ಕಾಫಿ ತಂದುಕೊಟ್ಟೆ, ಅಜ್ಜನ ಲೋಟ ಹೊಗೆಯಾಡುತ್ತಿತ್ತು. ಶ್ರಾವ್ಯ ಕಂಬಳಿಯಿಂದ ಮುಖ ಹೊರಗೆ ಹಾಕಿ ಕೇಳಿದಳು: "ಅಮ್ಮಾ, ಕಾಫಿಗೆ ಊದ್ಬಹುದಾ?"

"ಧಾರಾಳವಾಗಿ ಊದು" ಎಂದೆ.

ಅವಳು ಕೆನ್ನೆ ಉಬ್ಬಿಸಿ ಉಫ್ ಎಂದು ಊದಿದಳು. ತಾವು ನುಂಗಿಕೊಂಡ ಉಸಿರನ್ನೂ ಸೇರಿಸಿ ಅಜ್ಜ ಊದಿದರು. ಪೇಟೆಯ ತಿರುವಿನಲ್ಲಿ ಹಾರನ್ ಆಯಿತು. ಇಬ್ಬರೂ ಲೋಟ ಬಿಟ್ಟು ತಲೆ ಎತ್ತಿ, ಒಂದೇ ಬಾಯಲ್ಲಿ ಕೂಗಿದರು: "ಶೃಂಗೇರಿ ಬಸ್ಸು!"